ಕ್ರಾಫ್ಟ್ ಬಿಯರ್ ರುಚಿ ನೋಡಿ ಹೋಲಿಸುವ ಬಗೆ: ಕಾಫಿ ಸೀಮೆಯಿಂದ ಒಂದು ಮಾರ್ಗದರ್ಶಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ ಟೇಸ್ಟಿಂಗ್ ನಡೆಯುವುದನ್ನು ಒಮ್ಮೆಯಾದರೂ ಕಂಡವರಿಗೆ ಈ ಲೇಖನದ ಅರ್ಧ ಭಾಗ ಹೊಸದೆನಿಸಲಾರದು. ಒಂದೇ ಅಳತೆಯ ಕಪ್ಪುಗಳನ್ನು ಸಾಲಾಗಿ ಇಟ್ಟು, ತೂಗಿದ ಪುಡಿ ಹಾಕಿ, ಬಿಸಿನೀರು ಸುರಿದು, ನಾಲ್ಕು ನಿಮಿಷ ಕಳೆದ ಮೇಲೆ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಗನ್ನು ಹತ್ತಿರ ಒಯ್ಯುತ್ತಾರೆ. ಆಮೇಲೆ ಸುರ್ರೆಂದು ಹೀರಿ, ಬಾಯಲ್ಲೆಲ್ಲ ಆಡಿಸಿ, ಉಗುಳಿ, ಮುಂದಿನ ಕಪ್ಪಿಗೆ ಹೋಗುತ್ತಾರೆ. ಕಪ್ಪಿನ ಮೇಲೆ ಇರುವುದು ಸಂಖ್ಯೆ ಮಾತ್ರ, ತೋಟದ ಹೆಸರಲ್ಲ. ಕ್ರಾಫ್ಟ್ ಬಿಯರನ್ನು, ಅಂದರೆ ಸಣ್ಣ ಪ್ರಮಾಣದಲ್ಲಿ, ರುಚಿಯ ವೈವಿಧ್ಯಕ್ಕೆ ಒತ್ತು ಕೊಟ್ಟು ತಯಾರಿಸಿದ ಬಿಯರನ್ನು ಹೋಲಿಸಿ ನೋಡಲು ಬೇಕಾದದ್ದೂ ಇದೇ ಶಿಸ್ತು: ಒಂದೇ ಅಳತೆ, ಮೊದಲು ಮೂಗು, ಆಮೇಲೆ ನಾಲಿಗೆ, ಕೊನೆಗೆ ಹೆಸರು.

ಬಿಯರ್ ಲೇಬಲ್ಲುಗಳ ಮೇಲಿನ ಇಂಗ್ಲಿಷ್ ವರ್ಣನೆಗಳನ್ನು ಓದಿ ಅನೇಕರು ಹಿಂಜರಿಯುವುದನ್ನು ಕಂಡಿದ್ದೇನೆ. ಆ ಪದಗಳು ನಮಗೆ ಬೇಕಾಗಿಲ್ಲ. ಧನಿಯ, ಲವಂಗ, ಕಿತ್ತಳೆ ಸಿಪ್ಪೆ, ಹುರಿಹಿಟ್ಟು, ಸುಟ್ಟ ಬೆಲ್ಲ, ಚಿಕೋರಿ, ಒಲೆಯ ಹೊಗೆ ಇವೆಲ್ಲ ನಮ್ಮ ಮೂಗು ಚಿಕ್ಕಂದಿನಿಂದ ಬಲ್ಲ ವಾಸನೆಗಳು. ಬಿಯರಿನಲ್ಲಿ ಸಿಗುವುದೂ ಬಹುಮಟ್ಟಿಗೆ ಇವೇ.

ಅಳತೆಯ ಮಾತು ಮೊದಲೇ ಮುಗಿಯಲಿ. ಇದು 21 ವರ್ಷ ತುಂಬಿದವರಿಗಾಗಿ ಬರೆದದ್ದು. ಬಸುರಿಯರು, ಮಾತ್ರೆ ಔಷಧಿ ತೆಗೆದುಕೊಳ್ಳುತ್ತಿರುವವರು, ಕುಡಿತ ಬಿಟ್ಟವರು ಇದರಿಂದ ದೂರವಿರುವುದೇ ಸರಿ. ರುಚಿ ನೋಡಲು ಒಂದು ಬಗೆಗೆ 100 ಮಿ.ಲೀ. ಸಾಕು. ಒಂದು 330 ಮಿ.ಲೀ. ಬಾಟಲಿಯನ್ನು ಮೂವರು ಹಂಚಿಕೊಂಡರೆ ತಲಾ 110 ಮಿ.ಲೀ. ಬರುತ್ತದೆ, ನಾಲ್ಕು ಬಗೆ ನೋಡಿದರೆ ತಲಾ 440 ಮಿ.ಲೀ., ಎಂದರೆ ಒಂದೂಕಾಲು ಬಾಟಲಿಗಿಂತ ತುಸು ಹೆಚ್ಚು. ಬಿಯರಿನ ಮದ್ಯಸಾರ ಶೇ. 5 ಇದ್ದರೆ ಅದರಲ್ಲಿ ಸುಮಾರು 17 ಗ್ರಾಂ ಮದ್ಯಸಾರ ಒಳಹೋಗುತ್ತದೆ. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರಾಟವಾಗುವ ಬಿಯರ್ ಶೇ. 5ರಿಂದ 8ರವರೆಗೆ ಇರಬಹುದಾದ್ದರಿಂದ, ಅದೇ ಅಳತೆಗೆ ಲೆಕ್ಕ ಒಂದೂವರೆ ಪಟ್ಟು ಮೀರಬಹುದು. ನಾಲ್ಕಕ್ಕಿಂತ ಹೆಚ್ಚು ಬಗೆಯನ್ನು ಒಂದೇ ಕೂಟದಲ್ಲಿ ಇಟ್ಟುಕೊಳ್ಳಬೇಡಿ; ಐದನೆಯದರ ಹೊತ್ತಿಗೆ ನಾಲಿಗೆ ಸುಳ್ಳು ಹೇಳತೊಡಗುತ್ತದೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮಾತ್ರ, ರುಚಿ ನೋಡಿದವರು ಆ ದಿನ ಗಾಡಿಯ ಕೀಲಿ ಮುಟ್ಟುವುದಿಲ್ಲ ಎಂದು ಕೂಟಕ್ಕೆ ಮೊದಲೇ ಒಪ್ಪಂದವಾಗಲಿ. ನಮ್ಮ ಘಾಟಿಯ ತಿರುವುಗಳು ಎಚ್ಚರವಿದ್ದವರಿಗೇ ಕಷ್ಟ.

ಕುಡಿಯುವ ಮೊದಲು ತಿಳಿದಿರಬೇಕಾದದ್ದು

ಬಿಯರಿನಲ್ಲಿ ಮುಖ್ಯವಾಗಿ ಇರುವುದು ನಾಲ್ಕೇ ಪದಾರ್ಥ: ನೀರು, ಮಾಲ್ಟ್, ಹಾಪ್ಸ್, ಈಸ್ಟ್. ಮಾಲ್ಟ್ ಎಂದರೇನೆಂದು ಹಾಸನದ ಕಡೆಯ ಅಜ್ಜಿಯರಿಗೆ ವಿವರಿಸಬೇಕಾಗಿಲ್ಲ. ಮಗುವಿನ ಸರಿಗಾಗಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಾರಲ್ಲ, ಬಾರ್ಲಿಗೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಾರೆ. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಈಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಯೇಳುವ ಅನಿಲವನ್ನೂ ಕೊಡುತ್ತದೆ. ಕಾಳನ್ನು ಎಷ್ಟು ಹುರಿದರು ಎಂಬುದರ ಮೇಲೆ ಬಣ್ಣ ನಿಂತಿದೆ. ನಸುವಾಗಿ ಒಣಗಿಸಿದರೆ ಹೊಂಬಣ್ಣ, ಕಪ್ಪಾಗುವಷ್ಟು ಹುರಿದರೆ ಸ್ಟೌಟ್ ಎಂಬ ಕಪ್ಪು ಬಿಯರ್. ಕಾಫಿ ಬೀಜದ ಲೈಟ್ ರೋಸ್ಟ್, ಡಾರ್ಕ್ ರೋಸ್ಟ್ ವ್ಯತ್ಯಾಸ ಬಲ್ಲವರು ಇದನ್ನು ಒಂದೇ ಗುಟುಕಿನಲ್ಲಿ ಹಿಡಿಯಬಲ್ಲರು. ಹಾಪ್ಸ್ ಒಂದು ಬಳ್ಳಿಯ ಹೂಗೊಂಚಲು. ಮಾಲ್ಟಿನ ರಸ ಕುದಿಯುವಾಗ ಮೊದಲೇ ಹಾಕಿದರೆ ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದರೆ ಘಮ ಕೊಡುತ್ತದೆ. ಒಗ್ಗರಣೆಗೆ ಮೊದಲೇ ಬಿದ್ದ ಕರಿಬೇವಿಗೂ ಇಳಿಸುವಾಗ ಉದುರಿಸಿದ ಕೊತ್ತಂಬರಿಗೂ ಇರುವ ವ್ಯತ್ಯಾಸವೇ ಇದು.

ಈಸ್ಟ್‌ನಿಂದ ಎರಡು ದೊಡ್ಡ ಮನೆತನಗಳಾಗುತ್ತವೆ. ತುಸು ಬೆಚ್ಚಗೆ ಹುದುಗುವವು ಏಲ್, ಅದರಲ್ಲಿ ಹಣ್ಣಿನ ವಾಸನೆ ಹೆಚ್ಚು. ತಣ್ಣಗೆ, ನಿಧಾನವಾಗಿ ಹುದುಗುವವು ಲಾಗರ್, ಅವು ನಿರ್ಮಲ ಮತ್ತು ಗರಿಗರಿ. ನಮ್ಮ ಅಂಗಡಿಗಳಲ್ಲಿ ಬಹುಕಾಲದಿಂದ ಮಾರಾಟವಾಗುವ ಹಳದಿ ಬಿಯರುಗಳೆಲ್ಲ ಬಹುಪಾಲು ಲಾಗರ್ ಮನೆತನದವು. ಅವುಗಳ ದೂರದ ಮೂಲಪುರುಷ 1842ರಲ್ಲಿ ಬೊಹಿಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ತಯಾರಾದ ಪಿಲ್ಸ್‌ನರ್.

ಆಯ್ಕೆ

ಮೊದಲ ಸಲ ಕೂಟ ಏರ್ಪಡಿಸುವವರು ಸಾಮಾನ್ಯವಾಗಿ ಒಂದು ಲಾಗರ್, ಒಂದು ಗೋಧಿ ಬಿಯರ್, ಒಂದು ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಹೆಚ್ಚಾಗಿ ಹಾಕಿದ ಕಹಿ ಏಲ್), ಒಂದು ಸ್ಟೌಟ್ ಎಂದು ತರುತ್ತಾರೆ. ತಪ್ಪೇನಿಲ್ಲ, ಆದರೆ ಅದು ಮಾವು, ಹಲಸು, ಸೀಬೆ, ನಿಂಬೆಗಳನ್ನು ಹೋಲಿಸಿದಂತೆ. ಬೇರೆ ಬೇರೆ ಎಂದು ಗೊತ್ತಾಗುವುದರ ಆಚೆಗೆ ಕಲಿಯುವುದು ಕಡಿಮೆ. ಎರಡನೆಯ ಕೂಟದಿಂದಲಾದರೂ ಒಂದೇ ಬಗೆಯ ಮೂರು ತಯಾರಿಕೆಗಳನ್ನು ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಗೋಧಿ ಬಿಯರ್ ಆರಂಭಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದರ ಎರಡು ಶಾಖೆಗಳ ನಡುವಿನ ವ್ಯತ್ಯಾಸ ಮೂಗಿಗೆ ನೇರವಾಗಿ ಬಡಿಯುತ್ತದೆ. ಜರ್ಮನಿಯ ಹೆಫೆವೈಟ್ಸನ್‌ನಲ್ಲಿ ಮಾಲ್ಟಿನ ಅರ್ಧಕ್ಕಾದರೂ ಕಡಿಮೆಯಿಲ್ಲದಂತೆ ಗೋಧಿ ಇರುತ್ತದೆ, ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುತ್ತದೆ. ವಿಚಿತ್ರವೆಂದರೆ ಅದಕ್ಕೆ ಬಾಳೆಯನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ, ಎರಡೂ ಈಸ್ಟ್‌ನದೇ ಕೊಡುಗೆ. ಬೆಲ್ಜಿಯಂನ ವಿಟ್‌ಬಿಯರ್‌ಗೆ ನಿಜವಾಗಿಯೂ ಧನಿಯ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೋಗಾರ್ಡನ್ ಇದಕ್ಕೆ ಹೆಸರಾದ ಉದಾಹರಣೆ. ಸಾಂಬಾರು ಪುಡಿಗೆ ಧನಿಯ ಹುರಿದ ಮನೆಯವರಿಗೆ ಇದನ್ನು ಗುರುತಿಸಲು ಯಾರ ಸಹಾಯವೂ ಬೇಡ.

ಕೊಳ್ಳುವಾಗ ಎರಡು ವಿಷಯ ನೋಡಿ: ತಯಾರಾದ ದಿನಾಂಕ ಮತ್ತು ಬಾಟಲಿ ನಿಂತಿದ್ದ ಜಾಗ. ಹಾಪ್ಸ್‌ನ ಘಮವನ್ನೇ ನೆಚ್ಚಿದ ಐಪಿಎ ಎರಡು ಮೂರು ತಿಂಗಳಲ್ಲಿ ಮಂಕಾಗುತ್ತದೆ; ಅದು ಹೊಸದಾದಷ್ಟೂ ಒಳ್ಳೆಯದು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತ ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯನ್ನು ತೆಗೆದುಕೊಳ್ಳಬೇಡಿ. ಬೆಳಕು ತಾಗಿದಾಗ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕಯುಕ್ತವಾದ ಒಂದು ಸಂಯುಕ್ತ ಹುಟ್ಟುತ್ತದೆ. ಪಾಶ್ಚಾತ್ಯರು ಅದನ್ನು ತಮ್ಮ ನಾಡಿನ ಸ್ಕಂಕ್ ಎಂಬ ಪ್ರಾಣಿಯ ನಾತಕ್ಕೆ ಹೋಲಿಸುತ್ತಾರೆ. ಆ ಪ್ರಾಣಿಯನ್ನು ಕಾಣದ ನಮಗೆ ಅಡುಗೆ ಅನಿಲ ಸೋರಿದಾಗ ಬರುವ ವಾಸನೆ ಹತ್ತಿರದ್ದು. ಅನಿಲಕ್ಕೆ ಎಚ್ಚರಿಕೆಗಾಗಿ ಬೆರೆಸುವ ವಸ್ತುವೂ ಅದೇ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು. ಕಂದು ಬಾಟಲಿ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿಯಾಗಿ ತಡೆಯುತ್ತದೆ.

ಶಾಖವೂ ಅಷ್ಟೇ ಶತ್ರು. ಒಂದು ಏಪ್ರಿಲ್‌ನಲ್ಲಿ ನಾನು ಬೆಂಗಳೂರಿನಿಂದ ಆರಿಸಿ ತಂದ ಆರು ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು, ಬೇಲೂರಿನಲ್ಲಿ ನೆಂಟರ ಮನೆಯ ಊಟ, ನಿದ್ದೆ, ಕಾಫಿ ಎಲ್ಲ ಮುಗಿಸಿ ಸಂಜೆ ಊರು ತಲುಪಿದೆ. ವಾರದ ನಂತರ ತೆರೆದಾಗ ಆರರಲ್ಲಿ ನಾಲ್ಕಕ್ಕೆ ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದಿತ್ತು. ಅಂದಿನಿಂದ ಕಾರಿನಲ್ಲಿ ಒಂದು ಥರ್ಮಕೋಲ್ ಡಬ್ಬ ಕಾಯಮ್ಮಾಗಿ ಇದೆ. ಮನೆಯಲ್ಲಿ ಬಾಟಲಿಗಳನ್ನು ಮಲಗಿಸದೆ ನಿಲ್ಲಿಸಿ, ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ.

ಲೋಟ, ಶಾಖ, ಸರದಿ

ಸ್ಟೀಲ್ ಲೋಟ ಕಾಫಿಗೆ ಚೆಂದ, ಇಲ್ಲಿಗೆ ಬೇಡ, ಬಣ್ಣ ಕಾಣಬೇಕು. ಬಾಯಿ ತುಸು ಕಿರಿದಾದ ಗಾಜಿನ ಲೋಟಗಳಾದರೆ ವಾಸನೆ ಒಳಗೆ ನಿಲ್ಲುತ್ತದೆ. ವೈನ್ ಗ್ಲಾಸು ಇದ್ದರೆ ಅದೇ ಸಾಕು. ಎಲ್ಲ ಬಗೆಗೂ ಒಂದೇ ಆಕಾರದ ಲೋಟವಿರಲಿ. ಹಾಲು, ಎಣ್ಣೆಯ ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ಪಾತ್ರೆ ಸೋಪಿನ ಸುವಾಸನೆ ಮೂಗನ್ನು ಮೋಸಗೊಳಿಸುತ್ತದೆ. ಅಡುಗೆ ಸೋಡಾ ಹಾಕಿ ತೊಳೆದು, ಬಿಸಿನೀರಿನಲ್ಲಿ ಜಾಲಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ. ಅನುಮಾನವಿದ್ದರೆ ಒದ್ದೆ ಲೋಟದ ಒಳಗೆ ಪುಡಿ ಉಪ್ಪು ಉದುರಿಸಿ ನೋಡಿ: ಎಲ್ಲೆಡೆ ಸಮನಾಗಿ ಅಂಟಿದರೆ ಲೋಟ ಶುದ್ಧ, ತೇಪೆ ತೇಪೆಯಾಗಿ ಬಿಟ್ಟರೆ ಅಲ್ಲಿ ಜಿಡ್ಡಿದೆ. ಆಮೇಲೆ ಉಪ್ಪನ್ನು ತೊಳೆಯಲು ಮರೆಯಬೇಡಿ.

ಐಸ್‌ನಂತೆ ತಣ್ಣಗಿರುವುದನ್ನೇ ಒಳ್ಳೆಯ ಬಿಯರ್ ಎಂದು ತಿಳಿದವರು ಬಹಳ. ತೀರಾ ತಣ್ಣಗಾದರೆ ನಾಲಿಗೆ ಮರಗಟ್ಟುತ್ತದೆ, ವಾಸನೆಯೂ ಏಳುವುದಿಲ್ಲ; ದೋಷಗಳನ್ನು ಮುಚ್ಚಿಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಲಾಗರ್‌ಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್, ಗೋಧಿ ಬಿಯರಿಗೆ ಸ್ವಲ್ಪ ಮೇಲೆ, ಏಲ್‌ಗೆ 8ರಿಂದ 12, ಸ್ಟೌಟ್‌ಗೆ 10ರಿಂದ 13 ಡಿಗ್ರಿ ಹಿತ. ಥರ್ಮಾಮೀಟರ್ ಬೇಕಿಲ್ಲ: ಲಾಗರನ್ನು ಫ್ರಿಜ್‌ನಿಂದ ತೆಗೆದ ಕೂಡಲೇ, ಗೋಧಿ ಬಿಯರನ್ನು ಹತ್ತು ನಿಮಿಷದ ನಂತರ, ಸ್ಟೌಟನ್ನು ಅರ್ಧ ಗಂಟೆ ಹೊರಗಿಟ್ಟು ಸುರಿಯಿರಿ. ಡಿಸೆಂಬರ್‌ನ ಸಂಜೆ ಗಿರಿಯ ಕಡೆಯಿಂದ ಗಾಳಿ ಬೀಸುವಾಗ ಇನ್ನೂ ಸ್ವಲ್ಪ ಹೊತ್ತು ಬೇಕಾಗಬಹುದು.

ಸರದಿ ತಿಳಿಯಿಂದ ಗಾಢಕ್ಕೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಸಾಗಲಿ. ಉಪ್ಪಿನಕಾಯಿ, ಖಾರದ ಚಕ್ಕುಲಿ, ಬೆಳ್ಳುಳ್ಳಿ ಹಾಕಿದ್ದು ಯಾವುದೂ ಮೇಜಿನ ಮೇಲೆ ಇರಬಾರದು. ಸಪ್ಪೆ ಮಂಡಕ್ಕಿ ಅಥವಾ ಬ್ರೆಡ್ಡು ಮತ್ತು ನೀರು ಇದ್ದರೆ ಸಾಕು. ಕಾಫಿ ಕುಡಿಯಬೇಡಿ ಎಂದು ಈ ಊರಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಕಾಫಿಗೂ ಕೂಟಕ್ಕೂ ನಡುವೆ ಒಂದು ಗಂಟೆ ಬಿಡಿ.

ಮೂಗಿನ ಕೆಲಸ

ಲೋಟವನ್ನು ಓರೆಯಾಗಿ ಹಿಡಿದು ಗೋಡೆಗುಂಟ ಸುರಿಯಲು ಆರಂಭಿಸಿ, ಅರ್ಧಕ್ಕೆ ಬಂದಾಗ ನೇರ ಮಾಡಿ, ಎರಡು ಬೆರಳಿನಷ್ಟು ನೊರೆ ಏಳುವಂತೆ ನೋಡಿಕೊಳ್ಳಿ. ನೊರೆಯಿಲ್ಲದೆ ಸುರಿಯುವುದು ಜಾಣತನವೆಂಬ ನಂಬಿಕೆ ನಮ್ಮಲ್ಲಿದೆ, ಆದರೆ ವಾಸನೆಯನ್ನು ಮೂಗಿಗೆ ತಲುಪಿಸುವುದು ಒಡೆಯುವ ಆ ಗುಳ್ಳೆಗಳೇ. ಹೆಫೆವೈಟ್ಸನ್ ಆದರೆ ಬಾಟಲಿಯಲ್ಲಿ ಕೊನೆಯ ಒಂದಂಗುಲ ಉಳಿದಾಗ ನಯವಾಗಿ ಸುತ್ತಿಸಿ, ತಳದಲ್ಲಿ ಕೂತ ಈಸ್ಟನ್ನೂ ಎಲ್ಲರ ಲೋಟಕ್ಕೆ ಹಂಚಿ; ಅದು ಮಸುಕಾಗಿರುವುದೇ ಲಕ್ಷಣ.

ಬಣ್ಣವನ್ನು ಬಿಳಿ ಕಾಗದದ ಎದುರು ಒಮ್ಮೆ ನೋಡಿ ಮುಂದೆ ಹೋಗಿ. ಹೊತ್ತು ಬೇಕಾದದ್ದು ವಾಸನೆಗೆ. ಲೋಟದ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಎರಡು ಸುತ್ತು ತಿರುಗಿಸಿ, ಕೈ ತೆಗೆದು ಚಿಕ್ಕ ಚಿಕ್ಕದಾಗಿ ಎರಡು ಮೂರು ಬಾರಿ ಮೂಸಿ. ಉದ್ದ ಉಸಿರು ಎಳೆದರೆ ಮೂಗು ಬೇಗ ಒಗ್ಗಿಹೋಗಿ ಏನೂ ಕೊಡುವುದಿಲ್ಲ. ಮೊದಲು ತೋಚಿದ ಮಾತನ್ನು ತಕ್ಷಣ ಬರೆದುಕೊಳ್ಳಿ, ಅದು ಎಷ್ಟೇ ಬಾಲಿಶವೆನಿಸಲಿ. ನಮ್ಮ ಕೂಟದಲ್ಲಿ ಒಬ್ಬ ಗೆಳೆಯ ಒಂದು ಐಪಿಎಯನ್ನು ಮೂಸಿ, ‘ಚಕ್ಕೋತದ ಸಿಪ್ಪೆ ಸುಲಿದ ಕೈ’ ಎಂದು ಬರೆದಿದ್ದ. ಲೇಬಲ್ಲು ಮೂರು ಸಾಲಿನಲ್ಲಿ ಹೇಳಲು ಹೆಣಗಿದ್ದನ್ನು ಅವನು ನಾಲ್ಕೇ ಮಾತಿನಲ್ಲಿ ಹೇಳಿದ್ದ.

ಪದ ತೋಚದವರಿಗೆ ಒಂದು ಸುಲಭದ ದಾರಿ ಇದೆ. ಚಿಕ್ಕ ಬಟ್ಟಲುಗಳಲ್ಲಿ ಜಜ್ಜಿದ ಧನಿಯ, ಒಂದೆರಡು ಲವಂಗ, ಕಿತ್ತಳೆ ಸಿಪ್ಪೆ, ಸಿಪ್ಪೆಗೆ ಚುಕ್ಕೆ ಬಿದ್ದ ಪಚ್ಚಬಾಳೆ, ರಾಗಿ ಹುರಿಹಿಟ್ಟು, ಬೆಲ್ಲದ ಪಾಕ ತಳ ಹತ್ತಿದ್ದು, ಕಾಫಿ ಪುಡಿ, ಜೇನುತುಪ್ಪ ಇವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಬಿಯರನ್ನು ಮೂಸಿ, ಬಟ್ಟಲನ್ನು ಮೂಸಿ, ಮತ್ತೆ ಬಿಯರಿಗೆ ಬನ್ನಿ. ಸ್ಟೌಟ್ ಇದ್ದ ದಿನ ಇನ್ನೊಂದು ಕೆಲಸ ಮಾಡಿ: ಚಿಕೋರಿ ಬೆರೆಸದ ಡಿಕಾಕ್ಷನ್ ಒಂದು ಬಟ್ಟಲಲ್ಲಿ, ಚಿಕೋರಿ ಬೆರೆಸಿದ್ದು ಇನ್ನೊಂದರಲ್ಲಿ ಇಟ್ಟು ಮೂಸಿ ನೋಡಿ. ಕೆಲವು ಸ್ಟೌಟ್‌ಗಳ ಕಹಿ ಬೀಜದ ಕಡೆಗೆ ವಾಲುತ್ತದೆ, ಕೆಲವುಗಳದ್ದು ನೇರ ಚಿಕೋರಿಯ ಕಡೆಗೆ. ಕಾಫಿ ಬೀಜವನ್ನೇ ನೆನೆಸಿ ತಯಾರಿಸಿದ ಸ್ಟೌಟ್‌ಗಳೂ ಉಂಟು. ಅವುಗಳಲ್ಲಿ ಹುರಿದ ಬಾರ್ಲಿಯದೆಷ್ಟು, ಕಾಫಿಯದೆಷ್ಟು ಎಂದು ಬಿಡಿಸಿ ಹೇಳುವುದು ತೋಟದ ಮನೆಗಳಲ್ಲಿ ಬೆಳೆದವರಿಗೂ ಸವಾಲೇ.

ಈಗ ಗುಟುಕು. ಒಂದು ಚಮಚೆಯಷ್ಟನ್ನು ಬಾಯಿಗೆ ತೆಗೆದುಕೊಂಡು ನಾಲಿಗೆಯ ಎಲ್ಲ ಕಡೆಗೂ ಹರಡಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ರುಚಿಯೆಂದು ನಾವು ಕರೆಯುವುದರ ದೊಡ್ಡ ಪಾಲು ಆ ಉಸಿರಿನಲ್ಲಿ ಬರುತ್ತದೆ. ಕಾಫಿಯವರಂತೆ ಎಲ್ಲವನ್ನೂ ಉಗುಳಿದರೆ ಬಿಯರಿನ ಕಹಿಯ ಉಳಿಕೆ ತಿಳಿಯದು, ಆದ್ದರಿಂದ ಒಂದೆರಡು ಗುಟುಕು ನುಂಗಿ, ಉಳಿದದ್ದನ್ನು ಚೆಲ್ಲುವುದಕ್ಕೆ ನಾಚಬೇಡಿ. ಸಿಹಿ ಮೊದಲು ಬಂತೇ, ಕಹಿ ಎಷ್ಟು ಹೊತ್ತು ನಿಂತಿತು, ಅದು ಹಾಗಲಕಾಯಿಯಂತೆ ಹಿಡಿದುಕೊಂಡಿತೇ ಅಥವಾ ಒಳ್ಳೆಯ ಡಿಕಾಕ್ಷನ್‌ನಂತೆ ಬಂದು ಹೋಯಿತೇ, ಬಾಯಲ್ಲಿ ನೀರಾಗಿತ್ತೇ, ಗಂಜಿಯಂತೆ ತುಂಬಿಕೊಂಡಿತೇ ಎಂದು ಕೇಳಿಕೊಳ್ಳಿ. ಅಡಿಕೆಯ ಒಗರು ಬಂದರೆ ಅದನ್ನು ಕಹಿಯೆಂದು ಬರೆಯಬೇಡಿ, ಎರಡೂ ಬೇರೆ.

ದೋಷಗಳನ್ನೂ ಕಲಿಯಬೇಕು. ಬೆಣ್ಣೆ ಅಥವಾ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದರೆ ಹುದುಗುವಿಕೆ ಪೂರ್ತಿ ಪಕ್ವವಾಗಲಿಲ್ಲವೆಂದು ಅನುಮಾನಿಸಬಹುದು. ಬೇಯಿಸಿದ ಮುಸುಕಿನ ಜೋಳದ ವಾಸನೆ ಕುದಿಸುವಿಕೆಯ ಕೊರತೆಯತ್ತ ಬೆರಳು ಮಾಡುತ್ತದೆ. ಹಸಿ ಸೇಬಿನ ವಾಸನೆ ಅವಸರದ ತಯಾರಿಕೆಯ ಗುರುತು. ಒದ್ದೆ ರಟ್ಟು ಹಳತಾದದ್ದಕ್ಕೆ. ಆದರೆ ತೀರ್ಪು ಕೊಡುವ ಮೊದಲು ಬಗೆ ಯಾವುದೆಂದು ನೋಡಿ. ಲಾಗರ್‌ನಲ್ಲಿ ಲವಂಗ ಬಂದರೆ ತಪ್ಪು, ಹೆಫೆವೈಟ್ಸನ್‌ನಲ್ಲಿ ಬರದಿದ್ದರೆ ಕೊರತೆ. ಹುಳಿಯೇ ಗುಣವಾಗಿರುವ ಬಿಯರುಗಳೂ ಇವೆ, ಅವನ್ನು ಕೆಟ್ಟಿವೆಯೆಂದು ಚೆಲ್ಲಿದವರನ್ನೂ ಬಲ್ಲೆ.

ಹೆಸರು ಮುಚ್ಚಿ ಹೋಲಿಸುವುದು

ಲೇಬಲ್ಲು ಕಂಡ ಕೂಡಲೇ ನಾಲಿಗೆ ಬೆಲೆಯ ಮಾತು ಕೇಳುತ್ತದೆ. ಆದ್ದರಿಂದ ಕುಡಿಯದವರೊಬ್ಬರು ಒಳಗೆ ಸುರಿದು, ಲೋಟದ ತಳಕ್ಕೆ ಸಂಖ್ಯೆಯ ಚೀಟಿ ಅಂಟಿಸಿ ತರಲಿ. ಎರಡು ಬಿಯರುಗಳ ನಡುವೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಲು ಮೂರು ಲೋಟಗಳ ಕ್ರಮ ಅತ್ಯುತ್ತಮ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು, ಬೇರೆಯಾದದ್ದನ್ನು ಹೇಳಬೇಕು. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಮ್ಮೆ ಗೆದ್ದವರು ಮೀಸೆ ತಿರುವಬೇಕಾಗಿಲ್ಲ. ಸತತ ಮೂರು ಸಲ ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ 27ರಲ್ಲಿ ಒಂದು. ಈ ಪರೀಕ್ಷೆಗೆ 30 ಮಿ.ಲೀ. ಸುರಿದರೆ ಸಾಕು. ತಾನು ಮೆಚ್ಚಿದ ಬ್ರ್ಯಾಂಡನ್ನು ಕತ್ತಲಲ್ಲೂ ಗುರುತಿಸುವೆನೆಂದವರು ಸೋತು ಕೂತದ್ದನ್ನು ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಅಂಕ ಕೊಡುವ ಆಸೆಯಿದ್ದರೆ ಬಿಜೆಸಿಪಿ ಎಂಬ ಅಮೆರಿಕದ ತೀರ್ಪುಗಾರರ ಸಂಸ್ಥೆಯ ಹಾಳೆ ಒಳ್ಳೆಯ ಮಾದರಿ. ಒಟ್ಟು 50 ಅಂಕಗಳಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಮೆಚ್ಚುಗೆಗೆ 10. ನೋಟಕ್ಕೆ ಮೂರೇ ಅಂಕವೆಂಬುದನ್ನು ಗಮನಿಸಿ. ಮನೆಯ ಕೂಟದಲ್ಲಿ ನಾನು ಅಂಕ ಬಿಟ್ಟು ದಿನಾಂಕ, ಹೆಸರು, ಬಾಟಲಿಯ ಮೇಲಿನ ತಯಾರಿಕಾ ದಿನ, ಮೂರು ವಾಸನೆ, ಒಂದು ದೂರು, ‘ಮತ್ತೆ ಕೊಳ್ಳುವೆನೇ’ ಎಂಬ ಪ್ರಶ್ನೆಗೆ ಉತ್ತರ ಇಷ್ಟನ್ನೇ ಬರೆದಿಡುತ್ತೇನೆ.

ಪ್ರಯಾಣದಲ್ಲಿ

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ, ಅಂದರೆ ತಾವೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗಗಳಿಗೆ, ಹೋದಾಗ ದೊಡ್ಡ ಲೋಟಕ್ಕೆ ಮೊದಲೇ ಹೇಳದೆ, ಚಿಕ್ಕ ಲೋಟಗಳ ಸ್ಯಾಂಪ್ಲರ್ ಕೇಳಿ. ಅನೇಕ ಕಡೆ ಕೊಡುತ್ತಾರೆ. ವಾರದ ದಿನ, ಮಧ್ಯಾಹ್ನದ ಹೊತ್ತಿಗೆ ಹೋದರೆ ಗದ್ದಲವಿರುವುದಿಲ್ಲ, ತಯಾರಿಸುವವರೇ ಎದುರಿಗೆ ಸಿಕ್ಕು ಮಾತಿಗೆ ಬರುವ ಸಂಭವವೂ ಇದೆ. ಅಡುಗೆಮನೆಯ ಬಾಗಿಲಿನಿಂದ ದೂರದ ಮೇಜು ಹಿಡಿಯಿರಿ. ಯಾವುದು ಇತ್ತೀಚೆಗೆ ಟ್ಯಾಂಕಿನಿಂದ ಬಂತು ಎಂದು ಕೇಳಿ, ಅದರಿಂದ ಆರಂಭಿಸಿ. ಒಂದು ಜಾಗದಲ್ಲಿ ಕುಡಿದದ್ದನ್ನು ಇನ್ನೊಂದು ಜಾಗದ್ದಕ್ಕೆ ನೆನಪಿನಿಂದ ಹೋಲಿಸುವುದು ಬಹಳ ಕಷ್ಟ. ಎರಡೂ ಕಡೆ ಒಂದೇ ಬಗೆಯದನ್ನು, ಉದಾಹರಣೆಗೆ ಗೋಧಿ ಬಿಯರನ್ನೇ, ಮೊದಲ ಲೋಟವಾಗಿ ತೆಗೆದುಕೊಂಡು ಅದನ್ನೇ ಅಳತೆಗೋಲು ಮಾಡಿಕೊಳ್ಳಿ.

ದೂರ ಹೋಗುವವರಿಗೆ ಆಯಾ ಊರಿನ ರೀತಿ ತಿಳಿದಿದ್ದರೆ ಅನುಕೂಲ. ಜರ್ಮನಿಯ ಕೊಲೋನ್ ನಗರದಲ್ಲಿ ಕೋಲ್ಷ್ ಎಂಬ ತಿಳಿ ಬಿಯರನ್ನು 200 ಮಿ.ಲೀ.ಯ ಸಪೂರ ಲೋಟದಲ್ಲಿ ಕೊಡುತ್ತಾರೆ, ಬರಿದಾದಂತೆಲ್ಲ ಕೇಳದೆಯೇ ಹೊಸದನ್ನು ತಂದಿಡುತ್ತಾರೆ. ಸಾಕೆನಿಸಿದಾಗ ಲೋಟದ ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಊಟ ಮುಗಿದಾಗ ನಾವು ಬಾಳೆ ಎಲೆ ಮಡಚುವುದಿಲ್ಲವೇ, ಹಾಗೆ. ಬಾಂಬೆರ್ಗ್ ಪಟ್ಟಣದ ರೌಖ್‌ಬಿಯರ್‌ಗೆ ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟ್ ಬಳಸುತ್ತಾರೆ. ಒಲೆಯ ಮೇಲಿನ ಅಟ್ಟದಲ್ಲಿ ಮಾಂಸ ಒಣಗಿಸಿದ ಮಲೆನಾಡಿನ ಮನೆಯ ನೆನಪು ಅದರ ಮೊದಲ ಗುಟುಕಿಗೇ ಬರುತ್ತದೆ, ಅಭ್ಯಾಸವಿಲ್ಲದವರಿಗೆ ಮೂರನೆಯ ಗುಟುಕಿನವರೆಗೆ ಒಗ್ಗುವುದಿಲ್ಲ. ಬ್ರಸೆಲ್ಸ್ ಸುತ್ತಿನ ಲ್ಯಾಂಬಿಕ್ ಎಂಬ ಹುಳಿ ಬಿಯರಿಗೆ ಈಸ್ಟನ್ನು ಹಾಕುವುದೇ ಇಲ್ಲ. ಚಳಿಯ ತಿಂಗಳುಗಳಲ್ಲಿ ಕುದಿಸಿದ ರಸವನ್ನು ತೆರೆದ ತೊಟ್ಟಿಯಲ್ಲಿ ಆರಲು ಬಿಟ್ಟು, ಗಾಳಿಯಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿಸುತ್ತಾರೆ. ದೋಸೆ ಹಿಟ್ಟು ತಾನೇ ಹುಳಿ ಬರುವುದನ್ನು ದಿನವೂ ನೋಡುವ ನಮಗೆ ಇದರಲ್ಲಿ ಸೋಜಿಗವಿಲ್ಲ.

ಮರಳಿ ತರುವಾಗ ಬಾಟಲಿಗಳನ್ನು ಕಾಲುಚೀಲದಲ್ಲಿ ತೂರಿಸಿ, ಬಟ್ಟೆಗಳ ನಡುವೆ, ಚೆಕ್-ಇನ್ ಪೆಟ್ಟಿಗೆಯ ಮಧ್ಯದಲ್ಲಿ ಇಡಿ. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ, ಬಿಯರೂ ಸೇರಿ, 2 ಲೀಟರ್. ನೆರೆ ರಾಜ್ಯಗಳಿಂದ ತರುವಾಗ ಅಬಕಾರಿ ನಿಯಮ ಒಂದೊಂದು ಕಡೆ ಒಂದೊಂದು ಬಗೆ, ಆದ್ದರಿಂದ ಹೊರಡುವ ಮೊದಲೇ ವಿಚಾರಿಸಿ, ಬಿಲ್ಲನ್ನು ಜೊತೆಗಿಟ್ಟುಕೊಳ್ಳಿ. ಊರು ತಲುಪಿದ ಕೂಡಲೇ ತೆರೆಯಬೇಡಿ. ದಾರಿಯ ಕುಲುಕಾಟಕ್ಕೆ ತಳದ ಈಸ್ಟ್ ಕಲಕಿ ಹೋಗಿರುತ್ತದೆ. ಎರಡು ದಿನ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟು, ಅದು ಕೂತ ಮೇಲೆ ಲೇಬಲ್ಲಿಗೆ ಕಾಗದ ಸುತ್ತಿ ಗೆಳೆಯರನ್ನು ಕರೆಯಿರಿ.